ಯುರುಗ್ವೆ ಪ್ರಜಾರಾಜ್ಯದ ಆಡಳಿತ ಪದ್ಧತಿ

ದಕ್ಷಿಣ ಅಮೇರಿಕಾದ ಭೂಪಟವನ್ನು ನೋಡಿದರೆ, ಬ್ರೆಜಿಲ್ ಮತ್ತು ಆರ್ಜೆಂಟೀನಾ ಎಂಬ ಎರಡು ವಿಶಾಲ ದೇಶಗಳ ನಡುವೆ, ಅಟ್ಲಾಂಟಿಕ್ ಸಾಗರದ ತೀರದಲ್ಲಿ, ಯುರುಗ್ವೆ ಎಂಬ ಚಿಕ್ಕ ದೇಶವೊಂದು ಕಾಣುವುದು. ವಿಸ್ತೀರ್ಣದಲ್ಲಿ ಅದು ನಮ್ಮ ಕರ್ನಾಟಕಕ್ಕಿಂತ ಸ್ವಲ್ಪ ಕಿರಿದು. ಜನಸಂಖ್ಯೆಯು ಸುಮಾರು ೩೫ ಲಕ್ಷ ಮಾತ್ರ. ಇಷ್ಟು ದೂರದ, ಇಷ್ಟು ಚಿಕ್ಕ ದೇಶದ ರಾಜ್ಯಪದ್ಧತಿಯನ್ನು ನಾವು ತಿಳಿದು ಫಲವೇನೆಂದು ವಾಚಕರು ಕೇಳಬಹುದು. ಅಧಿಕಾರವು ಒಬ್ಬನ ಕೈಯಲ್ಲಿ ನೆಲೆಗೊಳ್ಳದಂತೆ ಮಾಡುವುದು ಹೇಗೆಂಬ ಪ್ರಶ್ನೆಯನ್ನು ಆ ದೇಶದವರು ನೂರು ವರ್ಷಗಳಿಗಿಂತಲೂ ಹೆಚ್ಚು ಕಾಲದಿಂದ ಪರೀಕ್ಷಿಸುತ್ತ ಬಂದಿರುವರು. ಅದರಲ್ಲಿ ಗೆದ್ದದ್ದೂ ಉಂಟು, ಸೋತದ್ದೂ ಉಂಟು. ಮತದ ಹಕ್ಕನ್ನು ಪಡೆದಿರುವ ನಮ್ಮ ಸಹೋದರಿಯರಿಗೆ ಈ ಚರಿತ್ರೆಯಿಂದ ಕಲಿಯತಕ್ಕದ್ದು ಬಹಳವಿದೆ.

ಯುರುಗ್ವೆಯ ಮೊದಲನೆಯ ರಾಜ್ಯಾಂಗ ಶಾಸನವು ೧೮೩೦ನೆಯ ಜುಲೈ ೧೮ರಂದು ಜಾರಿಗೆ ಬಂದಿತು. ಈಗ ನಡೆಯುತ್ತಿರುವುದು ೧೯೬೭ರ ಶಾಸನ. ಅದಕ್ಕೆ ತರುವಾಯ ಕೆಲವು ತಿದ್ದುಪಡಿಗಳಾಗಿವೆ. ಇದರಂತೆ ದೇಶದ ಮುಖ್ಯಾಧಿಕಾರಿಯು ಅಧ್ಯಕ್ಷನು. ಅವನನ್ನೂ ಉಪಾಧ್ಯಕ್ಷನನ್ನೂ ಜನರೇ ಐದು ವರ್ಷಗಳಿಗೆ ಆರಿಸುವರು. ಅಕ್ಟೋಬರ್ ತಿಂಗಳ ಕಡೆಯ ಭಾನುವಾರದ ಚುನಾವಣೆಯಲ್ಲಿ ಯಾರಿಗೂ ಅರ್ಧಕ್ಕಿಂತ ಹೆಚ್ಚು ಮತಗಳು ಬಾರದಿದ್ದರೆ, ಮುಂದಿರುವ ಇಬ್ಬರ ನಡುವೆ ನವೆಂಬರಿನಲ್ಲಿ ಮತ್ತೊಮ್ಮೆ ಮತದಾನವಾಗುವುದು. ಮತ ಹಾಕುವುದು ಪ್ರತಿಯೊಬ್ಬ ಪೌರನ ಕಡ್ಡಾಯ ಕರ್ತವ್ಯವಾಗಿದೆ. ಅವಧಿ ಮುಗಿದ ಅಧ್ಯಕ್ಷನು ಕೂಡಲೇ ಪುನಃ ಆ ಪದವಿಗೆ ನಿಲ್ಲಲಾರನು. ಐದು ವರ್ಷ ಕಾಯಬೇಕು. ಇನ್ನೊಂದು ನಿಯಮವು ವಿಶೇಷವಾಗಿ ಗಮನಿಸತಕ್ಕದ್ದು. ಅಧ್ಯಕ್ಷನ ಆಜ್ಞೆಗೆ ಸಂಬಂಧಪಟ್ಟ ಮಂತ್ರಿಯ ಸಹಿಯೂ ಇರಬೇಕು. ಅದಿಲ್ಲದ ಆಜ್ಞೆಯನ್ನು ಪಾಲಿಸಲು ಯಾರೂ ಬದ್ಧರಲ್ಲವೆಂದು ಶಾಸನವೇ ಸ್ಪಷ್ಟವಾಗಿ ಹೇಳಿದೆ.

ಕಾನೂನು ಮಾಡುವ ಕೆಲಸವು ಮಹಾಸಭೆಗೆ ಸೇರಿದ್ದು. ಇದರಲ್ಲಿ ಎರಡು ಮನೆಗಳು: ೯೯ ಸದಸ್ಯರ ಪ್ರತಿನಿಧಿಸಭೆ ಮತ್ತು ೩೦ ಸದಸ್ಯರ ಸೆನೆಟ್. ಉಪಾಧ್ಯಕ್ಷನು ಸೆನೆಟಿನ ಅಗ್ರಾಸನದಲ್ಲಿ ಕುಳಿತು ಮತವನ್ನೂ ಹಾಕುವುದರಿಂದ ಅಲ್ಲಿ ಒಟ್ಟು ೩೧ ಮತಗಳು. ಪಕ್ಷಗಳಿಗೆ ಬಂದ ಮತಗಳ ಪ್ರಮಾಣಕ್ಕೆ ಸರಿಯಾಗಿ ಸ್ಥಾನಗಳನ್ನು ಹಂಚುವರು; ಆದುದರಿಂದ ಸೋತ ಪಕ್ಷದವರ ಧ್ವನಿಯೂ ಸಭೆಯಲ್ಲಿ ಕೇಳಿಬರುವುದು. ಯಾವ ಮನೆಯಲ್ಲಾದರೂ ಮೂರರಲ್ಲಿ ಒಂದು ಪಾಲು ಸದಸ್ಯರು ಕೂಡಿ ಒಬ್ಬ ಮಂತ್ರಿಯನ್ನು ಕರೆಯಿಸಿ ವಿವರಣೆ ಕೇಳಬಹುದು. ಅಧ್ಯಕ್ಷನು ಒಪ್ಪದೆ ಹಿಂದಿರುಗಿಸಿದ ಮಸೂದೆಯನ್ನು ಮಹಾಸಭೆಯು ಐದರಲ್ಲಿ ಮೂರು ಪಾಲು ಮತಗಳಿಂದ ಎತ್ತಿಹಿಡಿಯಬಹುದು.

ಶ್ರೇಷ್ಠ ನ್ಯಾಯಾಲಯದಲ್ಲಿ ಐವರು ನ್ಯಾಯಾಧೀಶರಿರುವರು. ಇವರನ್ನು ನೇಮಿಸುವವನು ಅಧ್ಯಕ್ಷನಲ್ಲ. ಮಹಾಸಭೆಯು ಮೂರರಲ್ಲಿ ಎರಡು ಪಾಲು ಬಹುಮತದಿಂದ ಹತ್ತು ವರ್ಷಗಳ ಅವಧಿಗೆ ನೇಮಿಸುವುದು. ಚುನಾವಣೆಗಳ ಮೇಲ್ವಿಚಾರಣೆಗೆ ೧೯೨೪ರಲ್ಲಿ ಸ್ಥಾಪಿತವಾದ ಪ್ರತ್ಯೇಕ ಚುನಾವಣಾ ನ್ಯಾಯಾಲಯವಿದೆ. ದೇಶವನ್ನು ೧೯ ವಿಭಾಗಗಳಾಗಿ ವಿಂಗಡಿಸಿದ್ದು, ಪ್ರತಿ ವಿಭಾಗಕ್ಕೂ ಜನರಿಂದ ಆಯ್ಕೆಯಾದ ಒಬ್ಬ ಆಡಳಿತಾಧಿಕಾರಿಯೂ ೩೧ ಸದಸ್ಯರ ಒಂದು ಸಭೆಯೂ ಇರುವುವು. ಸಾರ್ವಜನಿಕ ಶಾಲೆಗಳನ್ನೂ ವಿಶ್ವವಿದ್ಯಾನಿಲಯವನ್ನೂ ಸ್ವಾಯತ್ತ ಮಂಡಲಿಗಳು ನಡೆಸತಕ್ಕದ್ದೆಂದು ಶಾಸನವು ವಿಧಿಸಿದೆ.

ಇಷ್ಟಾದರೂ ಕಡೆಯ ಮಾತು ಜನರದು. ಕಾನೂನೊಂದು ಪ್ರಕಟವಾದ ಒಂದು ವರ್ಷದೊಳಗೆ, ಮತದಾರರಲ್ಲಿ ನೂರಕ್ಕೆ ೨೫ ಮಂದಿ ಬಯಸಿದರೆ, ಅದನ್ನು ಇಡಬೇಕೇ ತೆಗೆಯಬೇಕೇ ಎಂದು ಇಡೀ ದೇಶವನ್ನು ಕೇಳಬೇಕಾಗುವುದು. ತೆರಿಗೆಯ ಕಾನೂನುಗಳಿಗೆ ಇದು ಅನ್ವಯಿಸದು. ನೂರಕ್ಕೆ ೧೦ ಮಂದಿ ಕೂಡಿ ರಾಜ್ಯಾಂಗದ ತಿದ್ದುಪಡಿಯನ್ನೇ ಸೂಚಿಸಬಹುದು. ಸರಕಾರದ ಉದ್ಯಮಗಳನ್ನು ಖಾಸಗಿಯವರಿಗೆ ವಹಿಸುವ ಕಾನೂನಿನ ಮುಖ್ಯ ವಿಧಿಗಳನ್ನು ಜನರು ೧೯೯೨ರಲ್ಲಿ ಹೀಗೆಯೇ ರದ್ದು ಮಾಡಿದರು. ೨೦೦೪ರಲ್ಲಿ, ನೀರನ್ನು ಪಡೆಯುವುದು ಮನುಷ್ಯನ ಮೂಲಭೂತ ಹಕ್ಕೆಂದೂ ಕುಡಿಯುವ ನೀರನ್ನು ಒದಗಿಸುವ ಕಾರ್ಯವು ಸರಕಾರದ ಸಂಸ್ಥೆಗಳಿಗೇ ಸೇರಿದ್ದೆಂದೂ ತಮ್ಮ ಮತದಿಂದ ರಾಜ್ಯಾಂಗದಲ್ಲಿ ಬರೆಯಿಸಿದರು.

ಈ ಕಟ್ಟಡವು ಒಂದೇ ದಿನದಲ್ಲಿ ಎದ್ದದ್ದಲ್ಲ. ಎರಡು ಬಾರಿ ಅಧ್ಯಕ್ಷನಾಗಿದ್ದ ಹೋಸೆ ಬಾಟ್ಯೆ ಇ ಓರ್ಡೋನ್ಯೆಸ್ ಎಂಬವನು ಸ್ವಿಟ್ಜರ್ಲೆಂಡಿನ ಪದ್ಧತಿಯನ್ನು ಮೆಚ್ಚಿ, ಒಬ್ಬನ ಬದಲು ಒಂದು ಮಂಡಲಿಯೇ ಆಳಬೇಕೆಂದು ವಾದಿಸಿದನು. ೧೯೧೯ರಿಂದ ಅಧ್ಯಕ್ಷನ ಜೊತೆಗೆ ಒಂಬತ್ತು ಸದಸ್ಯರ ಮಂಡಲಿಯೊಂದು ಅಧಿಕಾರವನ್ನು ಹಂಚಿಕೊಂಡಿತು. ೧೯೩೩ರಲ್ಲಿ ಅಧ್ಯಕ್ಷ ಗಾಬ್ರಿಯೆಲ್ ತೆರಾನು ಅದನ್ನು ಬಲಾತ್ಕಾರದಿಂದ ವಿಸರ್ಜಿಸಿದನು. ೧೯೫೨ರಿಂದ ೧೯೬೭ರ ವರೆಗೆ ಪುನಃ ಒಂಬತ್ತು ಮಂದಿಯ ಮಂಡಲಿಯೇ ಆಳಿತು. ಆರು ಸ್ಥಾನಗಳು ಗೆದ್ದವರಿಗೆ, ಮೂರು ವಿರೋಧ ಪಕ್ಷಕ್ಕೆ. ಕಾರ್ಯಗಳು ನಿಧಾನವಾಗುವುವೆಂದು ಬೇಸತ್ತ ಜನರು ಮರಳಿ ಏಕಾಧ್ಯಕ್ಷ ಪದ್ಧತಿಯನ್ನೇ ಆರಿಸಿಕೊಂಡರು.

ಅದಾದ ಆರು ವರ್ಷಗಳಲ್ಲಿಯೇ ಘೋರ ವಿಪತ್ತು ಬಂದೊದಗಿತು. ೧೯೭೩ನೆಯ ಜೂನ್ ೨೭ರಂದು ಅಧ್ಯಕ್ಷ ಬೋರ್ದಾಬೆರ್ರಿಯು ಸೈನ್ಯದ ಬೆಂಬಲದಿಂದ ಮಹಾಸಭೆಯನ್ನು ಮುಚ್ಚಿದನು. ಸಾವಿರಾರು ಮಂದಿ ಸೆರೆಮನೆ ಸೇರಿದರು; ಅನೇಕರು ದೇಶವನ್ನೇ ಬಿಟ್ಟರು. ಆಗ ಅಧ್ಯಕ್ಷನ ಕೈಯನ್ನು ಕಾಗದದ ಮೇಲಿನ ಯಾವ ನಿಯಮವೂ ತಡೆಯಲಿಲ್ಲ. ಆದರೆ ೧೯೮೦ರಲ್ಲಿ ಸೇನಾನಾಯಕರು ತಮಗೆ ಅನುಕೂಲವಾದ ಹೊಸ ರಾಜ್ಯಾಂಗವನ್ನು ಜನರ ಮುಂದಿಟ್ಟಾಗ, ಭಯದ ಆ ದಿನಗಳಲ್ಲಿಯೂ ನೂರಕ್ಕೆ ಸುಮಾರು ೫೭ ಮಂದಿ ಮತಪೆಟ್ಟಿಗೆಯಲ್ಲಿ ‘ಬೇಡ’ ಎಂದರು. ತಾವೇ ಕರೆದ ಮತದಾನದಲ್ಲಿ ತಾವೇ ಸೋತ ಆ ನಾಯಕರು ಬರಬರುತ್ತ ಹಿಂದೆ ಸರಿಯಬೇಕಾಯಿತು. ೧೯೮೫ನೆಯ ಮಾರ್ಚ್ ೧ರಂದು ಜನರಿಂದ ಆಯ್ಕೆಯಾದ ಅಧ್ಯಕ್ಷನು ಮತ್ತೆ ಪದವಿಯನ್ನು ವಹಿಸಿದನು.

ಕ್ರೈಸ್ತ ವಿದ್ಯಾಶಾಲೆಯ ಬಳಗದವರಾದ ನಾವು ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ೧೯೧೯ರಲ್ಲಿ ಅಲ್ಲಿಯ ರಾಜ್ಯವು ಕ್ರೈಸ್ತಸಭೆಯಿಂದ ಬೇರೆಯಾಯಿತು. ಸರಕಾರದ ಪಂಚಾಂಗದಲ್ಲಿ ಕ್ರಿಸ್ಮಸ್ ದಿನಕ್ಕೆ ‘ಕುಟುಂಬ ದಿನ’ವೆಂದೂ ಪವಿತ್ರ ವಾರಕ್ಕೆ ‘ಪ್ರವಾಸದ ವಾರ’ವೆಂದೂ ಹೆಸರುಗಳಾದವು. ಆದರೂ ಎಲ್ಲ ಮತಗಳಿಗೂ ಸ್ವಾತಂತ್ರ್ಯವಿರುವುದರಿಂದ ಭಕ್ತರ ಆರಾಧನೆ ನಿಂತಿಲ್ಲ. ದೇವಾಲಯಕ್ಕೆ ಹೋಗತಕ್ಕವರು ಸರಕಾರದ ಆಸರೆಯಿಲ್ಲದೆ ತಮ್ಮ ನಂಬಿಕೆಯ ಬಲದಿಂದಲೇ ಹೋಗುವರು.

ಇನ್ನು ಸ್ತ್ರೀಯರ ವಿಷಯ. ಆ ೧೯೧೯ರ ರಾಜ್ಯಾಂಗವು, ಎರಡೂ ಮನೆಗಳ ಮೂರರಲ್ಲಿ ಎರಡು ಪಾಲು ಸದಸ್ಯರು ಒಪ್ಪಿದರೆ ಸ್ತ್ರೀಯರಿಗೆ ಮತವನ್ನು ಕೊಡಬಹುದೆಂದು ಹೇಳಿತು. ಆ ದೇಶದ ಮೊದಲನೆಯ ವೈದ್ಯೆಯಾದ ಪೌಲಿನಾ ಲುಯಿಸಿ ಮೊದಲಾದವರು ಅದಕ್ಕಾಗಿ ಎಡೆಬಿಡದೆ ದುಡಿದರು. ೧೯೨೭ರಲ್ಲಿ ಸೆರ್ರೊ ಚಾತೊ ಎಂಬ ಊರು ಯಾವ ವಿಭಾಗಕ್ಕೆ ಸೇರಬೇಕೆಂದು ನಿರ್ಣಯಿಸುವ ಮತದಾನದಲ್ಲಿ ಸ್ತ್ರೀಯರೂ ಪಾಲುಗೊಂಡರು. ಹಕ್ಕಿನ ಕಾನೂನು ೧೯೩೨ರಲ್ಲಿ ಬಂದಿತು. ದೇಶದ ಚುನಾವಣೆಯಲ್ಲಿ ಅವರು ಮತ ಹಾಕಿದ್ದು ೧೯೩೮ರಲ್ಲಿ. ೧೯೪೨ರ ಚುನಾವಣೆಯಲ್ಲಿ ಇಬ್ಬರು ಸ್ತ್ರೀಯರು ಸೆನೆಟಿಗೂ ಇಬ್ಬರು ಪ್ರತಿನಿಧಿಸಭೆಗೂ ಆಯ್ಕೆಯಾದರು. ೨೦೨೦ರಲ್ಲಿ ಬೆಯಾತ್ರಿಸ್ ಆರ್ಖಿಮೋನ್, ಅವರ ತರುವಾಯ ೨೦೨೫ರಲ್ಲಿ ಕರೋಲಿನಾ ಕೊಸ್ಸೆ, ಜನರಿಂದ ಆಯ್ಕೆಯಾಗಿ ಉಪಾಧ್ಯಕ್ಷ ಪದವಿಯನ್ನು ವಹಿಸಿದರು.

ಕಾಗದದ ಮೇಲೆ ಅನುಮತಿ ದೊರೆತಂದಿನಿಂದ ಮತಪೆಟ್ಟಿಗೆಯವರೆಗೆ ಹತ್ತೊಂಬತ್ತು ವರ್ಷಗಳ ದಾರಿಯನ್ನು ಆ ಸ್ತ್ರೀಯರು ನಡೆದರು. ನಲವತ್ತೆರಡು ವರ್ಷಗಳ ತರುವಾಯ ದೇಶವು ಸಂಕಟದಲ್ಲಿದ್ದಾಗ, ಅದೇ ಮತದಿಂದ ‘ಬೇಡ’ ಎಂದು ಹೇಳಿದವರಲ್ಲಿ ಸ್ತ್ರೀಯರೂ ಇದ್ದರು. ರಾಜ್ಯಾಂಗವೆಂಬುದು ಮನೆಯ ಗೋಡೆಯಿದ್ದಂತೆ. ಒಳಗಿರುವವರು ಎಚ್ಚರವಾಗಿದ್ದರೇ ಅದು ಕಾಯುವುದು. ಈ ಶಾಲೆಯಲ್ಲಿ ಓದು ಬರಹ ಕಲಿತ ನಾವೂ ನಮ್ಮ ಹೆಣ್ಣುಮಕ್ಕಳೂ ಚುನಾವಣೆಯ ದಿನ ಮನೆಯಲ್ಲಿ ಉಳಿಯದೆ, ಯೋಚಿಸಿ, ಅಂಜದೆ, ನಮ್ಮ ಮತವನ್ನು ಹಾಕಿಬರೋಣ.