ಉಣಬಡಿಸುವವರು ಉಣ್ಣಲೂ ಕಲಿಯಬೇಕು

ಪರರಿಗೆ ಅನ್ನವಿಕ್ಕುವುದನ್ನು ನಮ್ಮ ಮನೆಗಳಲ್ಲಿ ಯಾರಿಗೂ ಹೊಸದಾಗಿ ಕಲಿಸಬೇಕಾಗಿಲ್ಲ. ಮಹಾದಾಸೋಹಿ ಶರಣಬಸವೇಶ್ವರರು 1822ರಲ್ಲಿ ಲಿಂಗೈಕ್ಯರಾದರೂ ಅವರು ಕಲಬುರಗಿಯಲ್ಲಿ ಹೊತ್ತಿಸಿದ ದಾಸೋಹದ ಒಲೆ ಇನ್ನೂ ಆರಿಲ್ಲವೆಂಬ ಅಭಿಮಾನ ಈ ನಾಡಿನ ಪ್ರತಿಯೊಬ್ಬ ಭಕ್ತನಿಗೂ ಇದೆ. ಆದರೆ ಪರರ ಮನೆಯ ಅನ್ನವನ್ನು ಅಷ್ಟೇ ಪ್ರೀತಿಯಿಂದ ಸ್ವೀಕರಿಸುವುದನ್ನು ನಾವು ಕಲಿತಿದ್ದೇವೆಯೇ? ಈ ಪ್ರಶ್ನೆ ನಮ್ಮನ್ನು ಎದುರಿಸಿದುದು ಕಾಲೇಜಿನ ದಿನಗಳಲ್ಲಿ.

ಆಗ ನಗರಕ್ಕೆ ಗುಲಬರ್ಗಾ ಎಂದೇ ಹೆಸರು. ಕಮಲಾಪುರದಿಂದ ಬಂದ ನಾವಿಬ್ಬರು ಒಂದೇ ಕೋಣೆಯಲ್ಲಿದ್ದು ಓದುತ್ತಿದ್ದೆವು. ನಮ್ಮೂರಿನಲ್ಲಿ ಅನ್ಯರಿರಲಿಲ್ಲವೆಂದಲ್ಲ. ತಾಂಡಾಗಳ ಲಂಬಾಣಿ ಬಂಧುಗಳು, ಮುಸಲ್ಮಾನ ಬಂಧುಗಳು ಸಂತೆಯಲ್ಲಿಯೂ ಹೊಲದ ಬದುವಿನಲ್ಲಿಯೂ ದಿನನಿತ್ಯ ಕಾಣುವವರೇ. ಆದರೂ ಅವರ ಹೊಸ್ತಿಲನ್ನು ನಾವು ಎಂದೂ ದಾಟಿರಲಿಲ್ಲ.

ಕಾಲೇಜಿನ ಇತಿಹಾಸದ ಗುರುಗಳು ಒಂದು ದಿನ ನಮ್ಮನ್ನು ಕೋಟೆಗೆ ಕರೆದೊಯ್ದರು. ಬಹಮನಿ ರಾಜ್ಯ ಸ್ಥಾಪನೆಯಾದುದು 1347ರಲ್ಲಿ. ಕೋಟೆಯೊಳಗಿನ ಜಾಮಿಯಾ ಮಸೀದಿ 1367ರದು. ಮಸೀದಿಗಳಲ್ಲಿ ಸಾಮಾನ್ಯವಾಗಿರುವ ತೆರೆದ ಅಂಗಳ ಇಲ್ಲಿಲ್ಲ. ಇಡೀ ಕಟ್ಟಡವೇ ಗುಮ್ಮಟಗಳ ನೆರಳಿನಲ್ಲಿದೆ. ಬಳಿಕ ಖ್ವಾಜಾ ಬಂದಾನವಾಜರ ದರ್ಗಾ ನೋಡಿದೆವು. ತೈಮೂರನ ದಾಳಿಯ ಕಾಲಕ್ಕೆ ದಿಲ್ಲಿಯನ್ನು ತೊರೆದ ಆ ಸಂತರು ಈ ನಗರದಲ್ಲಿ ನೆಲೆಸಿ 1422ರಲ್ಲಿ ದೇಹವಿಟ್ಟರು. ನಮ್ಮ ಅವ್ವಂದಿರು ನಿತ್ಯವೂ ಆಡುವ ಜಿಲ್ಲೆ, ತಾಲೂಕು, ಜಮೀನು, ವಕೀಲ, ಕುರ್ಚಿ ಎಂಬ ಮಾತುಗಳು ಅರಬ್ಬಿ-ಪಾರಸಿಯಿಂದ ಬಂದವು. ಇಲ್ಲಿಯ ದಖನಿ ಉರ್ದುವಾದರೋ ಮರಾಠಿ, ಕನ್ನಡ, ತೆಲುಗುಗಳಿಂದ ಮಾತುಗಳನ್ನು ಪಡೆದಿದೆ ಎಂದು ಗುರುಗಳು ತಿಳಿಸಿದರು. ನಾವು ಬೆರಗಾದೆವು. ಆದರೆ ಕಟ್ಟಡವನ್ನು ಮೆಚ್ಚುವುದು ಸುಲಭ, ಮನುಷ್ಯರ ಮನೆಗೆ ಹೋಗುವುದು ಕಷ್ಟ ಎಂಬುದು ಇನ್ನೂ ತಿಳಿದಿರಲಿಲ್ಲ.

1997ರ ಎಳ್ಳ ಅಮಾವಾಸ್ಯೆಗೆ ಸಹಪಾಠಿಯಾದ ಒಬ್ಬ ಮುಸಲ್ಮಾನ ಗೆಳೆಯನನ್ನು ಕಮಲಾಪುರದ ನಮ್ಮ ಹೊಲಕ್ಕೆ ಕರೆತಂದೆವು. ಆತ ನಮ್ಮೊಡನೆ ಚರಗ ಚೆಲ್ಲುವುದನ್ನು ನೋಡಿದ; ಸಜ್ಜೆಯ ರೊಟ್ಟಿ, ಭಜ್ಜಿ, ಕಡಬುಗಳನ್ನು ತೃಪ್ತಿಯಿಂದ ಉಂಡ. ನಾವೆಷ್ಟು ವಿಶಾಲ ಹೃದಯದವರೆಂದು ಒಳಗೊಳಗೇ ಹಿಗ್ಗಿದೆವು. ಒಂದು ತಿಂಗಳಿಗೆ ರಮಜಾನ್ ಹಬ್ಬ ಬಂತು. ಆತ ಮನೆಗೆ ಕರೆದ. ಬರುತ್ತೇವೆಂದು ಒಪ್ಪಿಕೊಂಡೆವು. ಆ ದಿನ ಬೆಳಿಗ್ಗೆಯೇ ಸುಳ್ಳು ನೆಪವೊಡ್ಡಿ ಊರಿಗೆ ಬಸ್ಸು ಹಿಡಿದೆವು.

ಮರಳಿದಾಗ ಆತ ಕೇಳಿದ: “ನಿಮ್ಮ ಹೊಲಕ್ಕ ನಾ ಬಂದಿನಿ. ನಮ್ಮ ಮನಿಗಿ ನೀವ್ಯಾಕ ಬರಲಿಲ್ಲ? ನೀವು ಬರ್ತೀರಂತ ಅಮ್ಮ ಹೊಸ ಭಾಂಡೆ ತಂದಿದ್ದಳು.”

ನಮ್ಮ ಬಳಿ ಉತ್ತರವಿರಲಿಲ್ಲ. ನಮ್ಮ ಆಚಾರಕ್ಕೆ ಭಂಗ ಬಾರದಿರಲೆಂದು, ನಾವು ಕೇಳದೆಯೇ, ಒಬ್ಬ ತಾಯಿ ಹೊಸ ಪಾತ್ರೆಗಳನ್ನು ಕೊಂಡು ತಂದಿದ್ದರು. ಆಕೆ ನಮ್ಮನ್ನು ಅರಿತಷ್ಟು ನಾವು ಆಕೆಯನ್ನು ಅರಿತಿರಲಿಲ್ಲ.

ಹೋಳಿಯ ನಂತರ ಶರಣಬಸವೇಶ್ವರರ ಜಾತ್ರೆ ಬಂತು. ಆತ ಹಳೆಯದನ್ನೆಲ್ಲ ಮರೆತು ತೇರು ನೋಡಲು ನಮ್ಮೊಡನೆ ನಿಂತ. ಮರುದಿನ ನಾವಾಗಿಯೇ ಕೇಳಿಕೊಂಡು ಆತನ ಮನೆಗೆ ಹೋದೆವು. ಹಣೆಯ ವಿಭೂತಿಯನ್ನು ಕಂಡ ಆ ತಾಯಿ, “ಇವರ ಪೂಜೆ ಆಗಿದೆಯೇ? ಆಗದಿದ್ದರೆ ನೀರು ಕೊಡು” ಎಂದು ಮಗನಿಗೆ ತಮ್ಮ ಮಾತಿನಲ್ಲಿ ಹೇಳಿದರು. ಬಳಿಕ ಎತ್ತಿಟ್ಟಿದ್ದ ಅದೇ ಹೊಸ ಪಾತ್ರೆಗಳನ್ನು ಇಳಿಸಿ ಅನ್ನ, ಹುಣಸೆಹುಳಿಯ ಖಟ್ಟಿ ದಾಲ್ ಬಡಿಸಿದರು. ಎದೆಯ ಮೇಲಿನ ಇಷ್ಟಲಿಂಗ ಎದೆಯ ಮೇಲೆಯೇ ಇತ್ತು. ನಾವು ಕಳೆದುಕೊಂಡುದು ನಮ್ಮ ಅಹಂಕಾರವನ್ನು ಮಾತ್ರ.

ಊರಿಗೆ ಹೋಗಿ ಅಂಜುತ್ತಲೇ ಈ ವಿಷಯ ತಿಳಿಸಿದಾಗ ನಮ್ಮ ತಾಯಿಯವರು ಕ್ಷಣಕಾಲ ಸುಮ್ಮನಿದ್ದು, “ಬರೇ ಕೈಲೆ ಹೋಗಿದ್ರೇನು?” ಎಂದು ಕೇಳಿದರು. ಮುಂದಿನ ಸಲ ಹೊರಟಾಗ ನಮ್ಮೂರಿನ ಕೆಂಪು ಬಾಳೆಯ ಒಂದು ಗೊನೆ ನಮ್ಮ ಹೆಗಲೇರಿತ್ತು.

ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣಕ್ಕೆ ಕಾಶ್ಮೀರದಿಂದ ಮೋಳಿಗೆಯ ಮಾರಯ್ಯನವರು, ಮಾಳವದಿಂದ ಡೋಹರ ಕಕ್ಕಯ್ಯನವರು ಬಂದರೆಂದು ನಮ್ಮ ಪರಂಪರೆ ಹೇಳುತ್ತದೆ. ಅವರು ಬರಿಗೈಯಲ್ಲಿ ಬಂದವರಲ್ಲ. ತಮ್ಮ ನಾಡಿನ ಅನುಭವವನ್ನು ತಂದರು. ಕಲ್ಯಾಣ ಅದನ್ನು ಪಡೆಯಿತು. ಪಡೆದುದರಿಂದಲೇ ದೊಡ್ಡದಾಯಿತು.

ಇಂದು ಕಲಬುರಗಿ–ಬೀದರ ರೈಲು ಕಮಲಾಪುರದ ಮೇಲೆ ಹಾದುಹೋಗುತ್ತದೆ. 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಆಳಂದ ರಸ್ತೆಯ ಕಡಗಂಚಿಯಲ್ಲಿದ್ದು, ಅಲ್ಲಿಗೆ ಅನೇಕ ರಾಜ್ಯಗಳ ಮಕ್ಕಳು ಓದಲು ಬರುತ್ತಾರೆ. ನಮ್ಮ ಮಕ್ಕಳೂ ದೂರದ ನಾಡುಗಳಿಗೆ ಹೋಗುತ್ತಿದ್ದಾರೆ. ಅವರು ರಜೆಯಲ್ಲಿ ಮನೆಗೆ ಬಂದಾಗ “ಗೆಳೆಯರನ್ನು ಕರೆದುಕೊಂಡು ಬಾ” ಎಂದು ನಾವು ಹೇಳುತ್ತೇವೆ, ಅದು ಒಳ್ಳೆಯದೇ. ಅದರ ಜೊತೆಗೆ “ನೀನು ಅವರ ಮನೆಗೆ ಹೋಗಿದ್ದೆಯಾ? ಅವರ ತಾಯಿಗೆ ಏನು ಒಯ್ದೆ?” ಎಂದೂ ಕೇಳೋಣ. ನೀಡುವ ಕೈ ದೊಡ್ಡದು, ನಿಜ. ಪಡೆಯಲು ಬಾಗುವ ತಲೆಯೂ ಅಷ್ಟೇ ದೊಡ್ಡದು.