ಗುಂಯ್‌ಗುಡುವ ಮೋಟರು, ತಿರುಗದ ಮಿಷನ್ನು

ಎಮ್ಮೆದೊಡ್ಡಿ ಕಡೆಯ ತೋಟದ ಮನೆಯಲ್ಲಿ ವಾಷಿಂಗ್ ಮಿಷನ್ ಓಡದೆ ಕೂತರೆ ಮೊದಲು ಕೇಳಬೇಕಾದದ್ದು: ಈಗ ಇರುವುದು ತ್ರೀ ಫೇಸೋ, ಸಿಂಗಲ್ ಫೇಸೋ?

ನಿರಂತರ ಜ್ಯೋತಿ ಯೋಜನೆ ಬಂದಮೇಲೆ ಊರೊಳಗಿನ ಮನೆಗಳಿಗೆ ಬೇರೆ ಲೈನು ಸಿಕ್ಕಿತು. ಅಡಿಕೆ, ತೆಂಗಿನ ನಡುವಿನ ಒಂಟಿ ಮನೆಗಳು ಮಾತ್ರ ಎಷ್ಟೋ ಕಡೆ ಪಂಪ್‌ಸೆಟ್ಟಿನ ಲೈನಿಗೇ ನೇತುಕೊಂಡಿವೆ. ಅಲ್ಲಿ ತ್ರೀ ಫೇಸು ದಿನಕ್ಕೆ ಕೆಲವೇ ಗಂಟೆ. ಮಿಕ್ಕ ಹೊತ್ತಿನಲ್ಲಿ ಯಾರೋ ಒಬ್ಬರು ಕಂಡೆನ್ಸರ್ ಹಾಕಿ ಬೋರಿನ ಮೋಟರು ಎಬ್ಬಿಸಿದರೂ ಸಾಕು, ಅದೇ ಟೀಸಿಗೆ (ಟ್ರಾನ್ಸ್‌ಫಾರ್ಮರಿಗೆ) ಸೇರಿದ ಮನೆಗಳಲ್ಲೆಲ್ಲ ವೋಲ್ಟೇಜು ಕುಸಿಯುತ್ತದೆ. ಹಿಂದೆ ಬುರುಡೆ ಬಲ್ಬು ಕೆಂಪಗಾಗಿ ಸುಳಿವು ಕೊಡುತ್ತಿತ್ತು. ಈಗಿನ ಎಲ್‌ಇಡಿ ಬಲ್ಬುಗಳು 150 ವೋಲ್ಟಿಗೂ ಸುಖವಾಗಿ ಉರಿಯುತ್ತವೆ. ಅದನ್ನು ನೋಡಿ ನಾವು ‘ಕರೆಂಟು ಸರಿಯಾಗೇ ಇದೆಯಲ್ಲ’ ಅಂದುಕೊಳ್ಳುತ್ತೇವೆ.

ಮೋಟರಿಗೆ ಆ ಔದಾರ್ಯವಿಲ್ಲ. ಇಂಡಕ್ಷನ್ ಮೋಟರಿನ ತಿರುಗಿಸುವ ಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರಿಳಿಯುತ್ತದೆ. 230 ವೋಲ್ಟ್ ಬರಬೇಕಾದಲ್ಲಿ 160 ಬಂದರೆ ವೋಲ್ಟೇಜು ಇಳಿದದ್ದು ಮೂರನೇ ಒಂದು ಪಾಲಿಗಿಂತ ಕಡಿಮೆ, ಬಲ ಇಳಿದದ್ದು ಅರ್ಧಕ್ಕಿಂತ ಹೆಚ್ಚು. ಒದ್ದೆ ಬಟ್ಟೆಯ ಭಾರಕ್ಕೆ ಮೋಟರು ಗುಂಯ್ ಎನ್ನುತ್ತ ನಿಂತುಬಿಡುತ್ತದೆ. ನಿಂತ ಮೋಟರು ಓಡುವಾಗಿನ ಹಲವು ಪಟ್ಟು ಕರೆಂಟು ಎಳೆದು ಕಾಯುತ್ತದೆ. ಹಾಗೇ ಬಿಟ್ಟರೆ ವೈಂಡಿಂಗ್ ಒಳಗಿನ ಥರ್ಮಲ್ ಫ್ಯೂಸ್ ಹೋಗುತ್ತದೆ, ಇಲ್ಲವೇ ವೈಂಡಿಂಗೇ ಸುಡುತ್ತದೆ. ಆದ್ದರಿಂದ ಗುಂಯ್ ಶಬ್ದ ಕೇಳಿದ ಕೂಡಲೇ ಸ್ವಿಚ್ ಆರಿಸಿ.

ವೋಲ್ಟೇಜು ಸರಿಯಿದ್ದೂ ಅದೇ ಶಬ್ದ ಬಂದರೆ ಅನುಮಾನ ಕೆಪಾಸಿಟರಿನ ಮೇಲೆ. ಇದು ತೋಟದವರಿಗೆ ಹೊಸ ವಸ್ತುವೇನಲ್ಲ; ಸ್ಟಾರ್ಟರ್ ಡಬ್ಬಿಯಲ್ಲಿ ಅವರು ‘ಕಂಡೆನ್ಸರ್’ ಎಂದು ಕರೆಯುವುದು ಇದನ್ನೇ. ಸಿಂಗಲ್ ಫೇಸ್ ಕರೆಂಟು ಒಂದೇ ವೈಂಡಿಂಗಿನಲ್ಲಿ ಹರಿದರೆ ಹುಟ್ಟುವ ಕಾಂತಕ್ಷೇತ್ರ ಒಂದೇ ಗೆರೆಯಲ್ಲಿ ಹಿಂದಕ್ಕೂ ಮುಂದಕ್ಕೂ ತುಯ್ಯುತ್ತದೆ, ಸುತ್ತುವುದಿಲ್ಲ. ಬೀಸುವ ಕಲ್ಲಿನ ಗೂಟವನ್ನು ನಡುವಿನ ಕೀಲಿನ ನೇರಕ್ಕೇ ಒತ್ತಿದ ಹಾಗೆ: ಎಷ್ಟು ಒತ್ತಿದರೂ ಕಲ್ಲು ಅಲ್ಲಾಡದು, ಪಕ್ಕದಿಂದ ಇನ್ನೊಬ್ಬರು ಕೈ ಕೊಡಬೇಕು. ಆ ಪಕ್ಕದ ಕೈ ಎರಡನೇ ವೈಂಡಿಂಗ್. ಅದರಲ್ಲಿನ ಕರೆಂಟನ್ನು ಸುಮಾರು ಕಾಲು ಸುತ್ತಿನಷ್ಟು ಮುಂದಿಡುವುದು ಕೆಪಾಸಿಟರಿನ ಕೆಲಸ. ಅದು ಸೊರಗಿದರೆ ಮೋಟರು ತಾನಾಗಿ ಹೊರಡುವುದಿಲ್ಲ.

ಹೊಸ ಕೆಪಾಸಿಟರಿಗೆ ಮೋಟರಿನಷ್ಟು ದುಡ್ಡು ಬೇಡ. ಹಳೆಯದರ ಮೇಲೆ ಬರೆದ ಮೈಕ್ರೋಫ್ಯಾರಡ್ ಅಂಕಿಯನ್ನೇ, ಅಷ್ಟೇ ಅಥವಾ ಹೆಚ್ಚಿನ ವೋಲ್ಟ್ ತಾಳುವಂಥದನ್ನೇ ತನ್ನಿ. ಪ್ಲಗ್ ಕಿತ್ತಮೇಲೂ ಅದರಲ್ಲಿ ಕರೆಂಟು ಉಳಿದಿರುತ್ತದೆ, ಬರಿಗೈಯಲ್ಲಿ ಮುಟ್ಟಬೇಡಿ.

ಮೋಟರು ತಿರುಗಿಯೂ ಒಳಗಿನದು ತಿರುಗದಿದ್ದರೆ ಬೆಲ್ಟು ಸಡಿಲವಾಗಿದೆ ಅಥವಾ ಹರಿದಿದೆ. ಸದ್ದೇ ಇಲ್ಲದಿದ್ದರೆ ಪ್ಲಗ್ಗು, ಫ್ಯೂಸು, ಆಮೇಲೆ ಮುಚ್ಚಳದ ಸ್ವಿಚ್ಚು. ಸೆಮಿ ಆಟೊಮ್ಯಾಟಿಕ್ ಮಿಷನ್ನಿನಲ್ಲಿ ಹಿಂಡುವ ಕಡೆಯ ಮುಚ್ಚಳ ಪೂರ್ತಿ ಕೂರದಿದ್ದರೆ ಮೋಟರಿಗೆ ಕರೆಂಟೇ ಹೋಗದು. ತಿರುಗುವ ತೊಟ್ಟಿಗೆ ಮಕ್ಕಳು ಕೈ ಹಾಕದಿರಲಿ ಎಂದೇ ಮಾಡಿದ ಏರ್ಪಾಡು ಅದು. ಅದನ್ನು ತಪ್ಪಿಸಿ ವಯರು ನೇರ ಕೂಡಿಸುವ ‘ರಿಪೇರಿ’ ನನ್ನ ಪ್ರಕಾರ ಅಪರಾಧ. ಮಿಷನ್ನಿನ ತಳ ತೆರೆದಿದ್ದರೆ ಇಲಿ ಹೊಕ್ಕು ವಯರು ಕಡಿದಿರಲೂಬಹುದು. ರಾಗಿ ಮೂಟೆ ಇಟ್ಟ ಕೋಣೆಯ ಪಕ್ಕದಲ್ಲೇ ಮಿಷನ್ನಿದ್ದರೆ ತಳಕ್ಕೆ ಜಾಲರಿ ಹಾಕಿಸಿ.

ಫುಲ್ ಆಟೊಮ್ಯಾಟಿಕ್ ಆದರೆ ನೀರಿನ ಕತೆಯೂ ಇದೆ. ಎಷ್ಟೋ ಮಾದರಿಗಳ ವಾಲ್ವಿಗೆ ಕನಿಷ್ಠ 0.3 ಬಾರ್ ಒತ್ತಡ ಬೇಕು, ಅಂದರೆ ನಲ್ಲಿಯಿಂದ ಟ್ಯಾಂಕಿನ ನೀರಿನ ಮಟ್ಟ ಸುಮಾರು ಮೂರು ಮೀಟರ್ ಮೇಲಿರಬೇಕು. ಹೆಂಚಿನ ಮನೆಯ ಪಕ್ಕ ತಗ್ಗಾದ ಕಲ್ಲುಕಟ್ಟೆಯ ಮೇಲೆ ಟ್ಯಾಂಕ್ ಕೂರಿಸಿದಲ್ಲಿ ಇಷ್ಟು ಎತ್ತರ ಸಿಗುವುದಿಲ್ಲ. ಮದಗದ ಕೆರೆ ತುಂಬಿದ ವರ್ಷವೂ ಮನೆಬಳಕೆಗೆ ಬೋರಿನ ನೀರೇ ಆದರೆ ಗಡಸು ತಪ್ಪಿದ್ದಲ್ಲ. ಕಾಯಿಸಿದಾಗ ಆ ನೀರಿನ ಸುಣ್ಣ ಹೀಟರಿಗೆ ಕಟ್ಟುತ್ತದೆ, ಸಣ್ಣ ಮರಳು ಪೈಪಿನ ಬಾಯಿಯ ಜಾಲರಿಗೆ ಕೂರುತ್ತದೆ. ಸೋಪಿನ ಗಸಿ ನೀರಿನ ಮಟ್ಟ ಅಳೆಯುವ ಸಣ್ಣ ಕೊಳವೆಗೂ ಹೋಗುತ್ತದೆ. ನೀರೇರಿದಂತೆ ಈ ಕೊಳವೆಯೊಳಗಿನ ಗಾಳಿ ಒತ್ತಿಕೊಂಡು, ನೀರು ಎಷ್ಟಿದೆ ಎಂದು ಮಿಷನ್ನಿಗೆ ತಿಳಿಸಬೇಕು. ಅದು ಕಟ್ಟಿಕೊಂಡರೆ ತೊಟ್ಟಿ ತುಂಬಿದ್ದರೂ ಮಿಷನ್ನಿನ ಲೆಕ್ಕದಲ್ಲಿ ಖಾಲಿ. ಜಾಲರಿ ಬಿಚ್ಚಿ ಬ್ರಷ್ಷಿನಲ್ಲಿ ತಿಕ್ಕುವುದು ಯಾರು ಬೇಕಾದರೂ ಮಾಡಬಹುದಾದ ಕೆಲಸ. ಸುಣ್ಣಕ್ಕೆ ನಿಂಬೆ ಉಪ್ಪು ಹಾಕಿ ಬಿಸಿನೀರಿನಲ್ಲಿ ಖಾಲಿ ಓಡಿಸಿದರೆ ಕರಗುತ್ತದೆ.

ಇಷ್ಟೆಲ್ಲ ನೋಡಿದ ಮೇಲೆ ಉಳಿಯುವುದು ಎಲೆಕ್ಟ್ರಾನಿಕ್ ಬೋರ್ಡು. ಸಾವಿರಗಟ್ಟಲೆ ಕೇಳುವ ಬಾಬ್ತು ಅದೇ. ರಿಪೇರಿಗೆ ಬಂದವರು ಮೊದಲ ಮಾತಿಗೇ ಹೇಳುವುದೂ ಅದನ್ನೇ. ಮೀಟರ್ ಹಿಡಿದು ವೋಲ್ಟೇಜ್ ನೋಡದೆ ‘ಬೋರ್ಡ್ ಹೋಗಿದೆ’ ಎಂದವರಿಗೆ ಕಾಫಿ ಕೊಟ್ಟು ಕಳಿಸಿ. ಮತ್ತೆ ಮತ್ತೆ ವೋಲ್ಟೇಜೇ ಕಡಿಮೆ ಬರುತ್ತಿದ್ದರೆ ಯಾವ ಹೊತ್ತಿಗೆ ಎಷ್ಟಿತ್ತೆಂದು ಒಂದು ವಾರ ಬರೆದಿಟ್ಟು, 1912ಕ್ಕೆ ಫೋನ್ ಮಾಡಿ ದೂರು ದಾಖಲಿಸಿ, ದೂರಿನ ನಂಬರು ಕೇಳಿ ಪಡೆಯಿರಿ.