ವಿಜ್ಞಾನದ ಚಾನೆಲ್‌ನಲ್ಲಿ ಬಂದದ್ದೆಲ್ಲ ನಿಜವೇ?

‘ಡಿಸ್ಕವರಿಯಲ್ಲೇ ತೋರಿಸಿದ್ದಾರೆ, ಸುಳ್ಳಿರುತ್ತದೆಯೇ?’ ಎಂದು ನಾವು ವಾದಿಸುವುದುಂಟು. ಸುಳ್ಳೂ ಇರಬಹುದು.

2012ರಲ್ಲಿ ಅಮೆರಿಕದ ಅನಿಮಲ್ ಪ್ಲಾನೆಟ್ ಚಾನೆಲ್ ಮತ್ಸ್ಯಕನ್ಯೆಯರ ಕಟ್ಟುಕತೆಯೊಂದನ್ನು ಸಾಕ್ಷ್ಯಚಿತ್ರದಂತೆ ಪ್ರಸಾರ ಮಾಡಿತು. ಅದರಲ್ಲಿ ವಿಜ್ಞಾನಿಗಳಾಗಿ ಮಾತನಾಡಿದವರು ನಟರು. ಜನ ಕೇಳತೊಡಗಿದಾಗ, ಮತ್ಸ್ಯಕನ್ಯೆಯರಿಗೆ ಪುರಾವೆಯೇ ಇಲ್ಲವೆಂದು ಅಲ್ಲಿನ ಸರ್ಕಾರಿ ಸಾಗರ ಸಂಸ್ಥೆ ಸ್ಪಷ್ಟಪಡಿಸಬೇಕಾಯಿತು. ಮರುವರ್ಷ ಡಿಸ್ಕವರಿಯು, 20 ಲಕ್ಷ ವರ್ಷಗಳಿಗೂ ಹಿಂದೆ ಅಳಿದುಹೋದ ಮೆಗಲೊಡಾನ್ ಶಾರ್ಕ್ ಇನ್ನೂ ಬದುಕಿದೆ ಎಂಬಂತೆ ತೋರಿಸಿತು.

ಹೀಗೇಕೆ? ಹೆಚ್ಚು ಜನ ನೋಡಿದಷ್ಟೂ ಜಾಹೀರಾತಿನ ಆದಾಯ ಹೆಚ್ಚು. ಕಾಡಿನಲ್ಲಿ ಪ್ರಾಣಿಗಳನ್ನು ಚಿತ್ರೀಕರಿಸಲು ತಿಂಗಳುಗಟ್ಟಲೆ ಕಾಯಬೇಕು. ರೋಚಕ ಕತೆಗೆ ಆ ಕಾಯುವಿಕೆ ಬೇಕಿಲ್ಲ. ಹೀಗೆ ಹೆಸರು ಹಾಗೇ ಉಳಿದು, ಹೂರಣ ಬದಲಾಗುತ್ತದೆ.

ನಂಬುವ ಮೊದಲು ನಾವು ನೋಡಬೇಕಾದದ್ದು ಇಷ್ಟು: ಮಾತನಾಡುವ ವಿಜ್ಞಾನಿ ನಿಜವಾಗಿಯೂ ಇದ್ದಾರೆಯೇ, ಯಾವ ಸಂಸ್ಥೆಯವರು, ಮತ್ತು ಕೊನೆಯಲ್ಲಿ ಸರ್ರನೆ ಓಡುವ ಸಣ್ಣ ಅಕ್ಷರಗಳಲ್ಲಿ ಏನು ಬರೆದಿದೆ.